ಮೂರು ಸೆಲ್ಫು, ಒಂಬತ್ತು ದಿನ

೧೯೮೭ರಲ್ಲಿ, ಒಂಬತ್ತನೇ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹುಬ್ಬಳ್ಳಿಯಲ್ಲಿ ಲಾರಿಗಳ ಡೀಸೆಲ್ ಪಂಪು ಬಿಚ್ಚಿ ಕಟ್ಟುವ ಅಂಗಡಿಯೊಂದಿತ್ತು. ನಮ್ಮ ಶಾಲೆಯ ಗಣಿತದ ತರಗತಿಗಿಂತ ಹೆಚ್ಚು ಗಣಿತ ಅಲ್ಲಿ ನಡೆಯುತ್ತಿತ್ತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾನು ಬರೆಯಹೊರಟಿರುವ ತಪ್ಪನ್ನು 'ಪಾಪ, ಓದಿದವನಲ್ಲ' ಎಂದು ಕ್ಷಮಿಸಲು ಬಂದವರಿದ್ದರು. ಆ ಕ್ಷಮೆ ನನಗೆ ಬೇಡ. ಕಲಿತಿದ್ದೆ, ಗೊತ್ತಿತ್ತು, ಆದರೂ ಮಾಡಿದೆ.

ಆ ಅಂಗಡಿಯಲ್ಲಿ ಒಂದು ಪದ್ಧತಿ. ಪಂಪನ್ನು ಬೆಂಚಿನ ಮೇಲೆ ತಿರುಗಿಸಿ, ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗುತ್ತದೆಂದು ಗಾಜಿನ ಕೊಳವೆಗಳಲ್ಲಿ ಅಳೆದು, ಎಲ್ಲ ಕೊಳವೆಗಳೂ ಒಂದೇ ಮಟ್ಟಕ್ಕೆ ಬಂದ ಮೇಲೆ ತಿರುಪಿಗೆ ತಂತಿ ಪೋಣಿಸಿ ಸೀಸದ ಮೊಹರು ಒತ್ತುತ್ತಿದ್ದೆವು. ಒಬ್ಬೊಬ್ಬ ಕೆಲಸಗಾರನಿಗೂ ಬೇರೆ ಬೇರೆ ಅಚ್ಚು. ಆರು ವರ್ಷ ದುಡಿದ ಮೇಲೆ, ಕೆಲಸ ಕಲಿಸಿದ ಉಸ್ತಾದರು ನನಗೂ ಒಂದು ಅಚ್ಚು ಕೊಟ್ಟರು: ಅಕ್ಕಪಕ್ಕ ಎರಡು ಗೆರೆ. ಪಂಪು ಕೆಟ್ಟು ತಿರುಗಿ ಬಂದರೆ ಮೊದಲು ಮೊಹರು ನೋಡುವುದು. ಯಾರ ಅಚ್ಚೋ ಅವನು ಲಾರಿ ಮಾಲೀಕನ ಎದುರು ಹೋಗಿ ನಿಲ್ಲಬೇಕು. ಬೈಗುಳ ಅವನದೇ, ಮರುಕೆಲಸವೂ ಅವನದೇ.

ಉಸ್ತಾದರಿಗೆ ಜರ್ಮನಿಯ ಪಂಪೆಂದರೆ ದೇವರ ಮೂರ್ತಿ. ಕೈ ತೊಳೆದುಕೊಂಡೇ ಮುಟ್ಟುತ್ತಿದ್ದರು. "ಜರ್ಮನಿ ಪಂಪು ಸುಳ್ಳು ಹೇಳೂದಿಲ್ಲ ತಮ್ಮಾ. ಸುಳ್ಳು ಬಂತಂದ್ರ ಮೆಕ್ಯಾನಿಕ್ ಹೇಳಿರತಾನ" ಎನ್ನುತ್ತಿದ್ದರು. ಆ ಮಾತು ನನ್ನೊಳಗೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ನರ್ಸ್ ಕೆಲಸದ ಮೇಲೆ ಹ್ಯೂಸ್ಟನ್‌ಗೆ ಬಂದ ಹೆಂಡತಿಯ ಬೆನ್ನಿಗೆ ನಾನೂ ಟೆಕ್ಸಾಸ್‌ಗೆ ಬಂದು, ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಮನೆ ಮಾಡಿ, ಒಂದು ಡೀಸೆಲ್ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ನಿಂತ ಮೇಲೂ ಅದು ಹಾಗೇ ಇತ್ತು.

ನಮ್ಮ ಕನ್ನಡದವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಜನ. ಕಾರು ಕೊಳ್ಳುವ ಮುಂಚೆ ನನಗೆ ಫೋನ್ ಬರುತ್ತಿತ್ತು. ಎಲ್ಲರಿಗೂ ನಾನು 'ಡೀಸೆಲ್ ಅಂಕಲ್'. ೨೦೧೧ರಿಂದ ನಾಲ್ಕು ವರ್ಷ ನಾನು ಕೇಳಿದವರಿಗೆಲ್ಲ ಒಂದೇ ಕಂಪನಿಯ ಕಾರು ಹೇಳಿದೆ. ಹೆಸರು ಬರೆಯುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ, ಸರ್ವಾಧಿಕಾರಿಯೊಬ್ಬನ ಕಾಲದಲ್ಲಿ, ಬಡವರಿಗೂ ಒಂದು ಕಾರು ಎಂಬ ಮಾತಿನೊಂದಿಗೆ ಹುಟ್ಟಿದ ಜರ್ಮನ್ ಕಂಪನಿ. ಯುದ್ಧದಲ್ಲಿ ನೆಲಕಚ್ಚಿ ಮತ್ತೆ ಎದ್ದು, ಗುಂಡು ಬೆನ್ನಿನ ಪುಟ್ಟ ಕಾರು ಮಾಡಿ, ಸೋತ ದೇಶದ ಸರಕನ್ನು ಗೆದ್ದ ದೇಶದ ಮನೆಮನೆಗೆ ಮಾರಿದ ಕಂಪನಿ. 'ನಮ್ಮ ಡೀಸೆಲ್ ಹೊಗೆ ಉಗುಳುವುದಿಲ್ಲ, ಎಣ್ಣೆ ಕಮ್ಮಿ ಕುಡಿಯುತ್ತದೆ' ಎಂದು ಅವರು ಹೇಳಿದರು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಫ್ರಿಸ್ಕೋದಿಂದ ಜಾರ್ಜ್‌ಟೌನ್‌ವರೆಗೆ ಹನ್ನೊಂದು ಮನೆಯವರು ನನ್ನ ಮಾತಿನ ಮೇಲೆ ಆ ಡೀಸೆಲ್ ಕಾರು ಕೊಂಡರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಪೂಜೆ ಮಾಡುವಾಗ ನನ್ನನ್ನೇ ಮುಂದೆ ನಿಲ್ಲಿಸಿ ಫೋಟೋ ತೆಗೆಸಿಕೊಂಡರು.

೨೦೧೫ರ ಸೆಪ್ಟೆಂಬರಿನಲ್ಲಿ ಸುದ್ದಿ ಬಂತು. ಕಾರಿನ ಕಂಪ್ಯೂಟರಿನೊಳಗೆ ಅವರು ಒಂದು ಚಮತ್ಕಾರ ಬರೆದಿಟ್ಟಿದ್ದರು. ಪರೀಕ್ಷೆಯ ರೋಲರಿನ ಮೇಲೆ ನಿಂತಾಗ ಕಾರಿಗೆ ತಾನು ಪರೀಕ್ಷೆಯಲ್ಲಿದ್ದೇನೆಂದು ಗೊತ್ತಾಗುತ್ತಿತ್ತು. ಆಗ ಹೊಗೆ ಶುದ್ಧ. ರಸ್ತೆಗಿಳಿದ ಮೇಲೆ ಅದರ ಪಾಡಿಗೆ ವಿಷ. ಸುದ್ದಿ ಓದಿದ ದಿನ ನಾನು ಅಂಗಡಿಯಲ್ಲಿ ಅಂಥದ್ದೇ ಒಂದು ಕಾರಿನ ಹಿಂದೆ ಕೂತಿದ್ದೆ. ನಿಜ ಹೇಳಬೇಕೆಂದರೆ, ಹೈವೇಯಿಂದ ಬಿಸಿಬಿಸಿಯಾಗಿ ಬಂದ ಆ ಕಾರುಗಳ ಹಿಂದೆ ನಿಂತಾಗ ಒಂದೆರಡು ಸಲ ನನ್ನ ಕಣ್ಣು ಉರಿದದ್ದಿತ್ತು. ಪಂಪಿನ ಅಂಗಡಿಯವನ ಮೂಗಿಗೆ ಅದು ತಿಳಿಯಬೇಕಿತ್ತು. ಮೂಗಿಗಿಂತ ಉಸ್ತಾದರ ಮಾತು ದೊಡ್ಡದೆಂದು ಸುಮ್ಮನಿದ್ದೆ.

ಹನ್ನೊಂದು ಮನೆಯವರೂ ನನ್ನನ್ನು ಬೈಯಲಿಲ್ಲ. ಕಂಪನಿಯನ್ನು ಬೈದರು, ನನ್ನನ್ನು ಕೆಣಕಿದರು. ಎಲ್ಲರಿಗಿಂತ ಮೊದಲು ಕಾರು ಕೊಂಡಿದ್ದ ಫ್ರಿಸ್ಕೋದವರು ಫೋನ್ ಎತ್ತಿದರೆ ಸಾಕು, "ಡೀಸೆಲ್ ಅಂಕಲ್, ನಿಮ್ಮ ಜರ್ಮನಿ ದೇವ್ರು ಗುಡಿ ಬಿಟ್ಟು ಓಡಿಹೋದ್ನಂತಲ್ಲ!" ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಒಳಗೆ ನಗು ಇರಲಿಲ್ಲ.

ಕೊನೆಗೆ ಕೋರ್ಟಿನ ಒಪ್ಪಂದವಾಗಿ ಕಂಪನಿ ಆ ಕಾರುಗಳನ್ನು ವಾಪಸು ಕೊಳ್ಳತೊಡಗಿತು. ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಅಲ್ಲಿಯವರೆಗೆ ಗಾಡಿ ಓಡಬೇಕಲ್ಲ? ಅದಕ್ಕಾಗಿ ೨೦೧೭ರ ಏಪ್ರಿಲಿನ ಒಂದು ಭಾನುವಾರ ಮೂರು ಗಂಟೆ ದಾರಿಯ ಜಾರ್ಜ್‌ಟೌನ್‌ಗೆ ಹೋದೆ. ಮೈಸೂರಿನ ದಂಪತಿ. ಗಂಡ ಆಸ್ಟಿನ್ನಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಡೀಸೆಲ್ ಫಿಲ್ಟರ್ ಬದಲಿಸುವ ಹೊತ್ತಾಗಿತ್ತು, 'ನಾನೇ ಬಂದು ಹಾಕಿಕೊಡತೀನಿ' ಎಂದಿದ್ದೆ.

ಈ ಕಾರುಗಳ ಹೈ ಪ್ರೆಶರ್ ಪಂಪಿಗೆ ಸವೆತ ತಡೆಯಲು ಬೇರೆ ಎಣ್ಣೆ ಇಲ್ಲ. ಒಳಗೆ ಹರಿಯುವ ಡೀಸೆಲೇ ಅದಕ್ಕೆ ಎಣ್ಣೆ. ಫಿಲ್ಟರ್ ಬದಲಿಸಿದಾಗ ಕೊಳವೆಯಲ್ಲಿ ಗಾಳಿ ತುಂಬುತ್ತದೆ. ಆಗ ಲ್ಯಾಪ್‌ಟಾಪ್ ಜೋಡಿಸಿ, ಟ್ಯಾಂಕಿನೊಳಗಿನ ಚಿಕ್ಕ ಪಂಪನ್ನು ಮಾತ್ರ ಮೂರ್ನಾಲ್ಕು ಸಲ ಓಡಿಸಿ, ದೊಡ್ಡ ಪಂಪಿನ ಬಾಯಿಯವರೆಗೆ ಡೀಸೆಲ್ ತಂದು, ಅದಾದ ಮೇಲಷ್ಟೇ ಚಾವಿ ತಿರುಗಿಸಬೇಕು. ಹ್ಯೂಸ್ಟನ್ನಿನ ಅಂಗಡಿಯಲ್ಲಿ ಇದನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ನಮ್ಮ ಯಜಮಾನ ಹಿಂದೆ ನಿಂತು ನೋಡುತ್ತಿದ್ದ.

ಆ ಭಾನುವಾರ ಲ್ಯಾಪ್‌ಟಾಪಿನ ಕೇಬಲ್ ಅಂಗಡಿಯಲ್ಲೇ ಉಳಿದಿತ್ತು. ಮುಚ್ಚಳದ ತಿರುಪು ಬಿಚ್ಚಿದ ಮೇಲೆ ನೆನಪಾಯಿತು. ಹುಬ್ಬಳ್ಳಿಯಲ್ಲಿ ಏರ್ ತೆಗೆಯುವುದಕ್ಕೆ ಲ್ಯಾಪ್‌ಟಾಪ್ ಎಲ್ಲಿತ್ತು? ಚಾವಿ ತಿರುಗಿಸಿ ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತ ಹೋದರೆ ಗಾಳಿ ತಾನಾಗಿ ಹೋಗುತ್ತಿತ್ತು. ಹಳೆಯ ಪಂಪು ಅದನ್ನು ತಡೆಯುತ್ತಿತ್ತು. ಆ ಮನೆಯ ಹೆಣ್ಣುಮಗಳು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಆಯ್ತಾ ಅಂಕಲ್?" ಎಂದಳು. ಇಷ್ಟು ದೂರ ಬಂದು ಕೇಬಲ್ ಮರೆತೆ ಎನ್ನಲು ನಾಲಿಗೆ ಏಳಲಿಲ್ಲ. "ಆತ್ರಿ, ಆತು" ಎಂದು ಚಾವಿ ತಿರುಗಿಸಿದೆ.

ಒಂದು ಸೆಲ್ಫು. ಹತ್ತಲಿಲ್ಲ. ಎರಡನೆಯದು ಉದ್ದಕ್ಕೆ ಹೊಡೆದೆ. ಮೂರನೆಯದಕ್ಕೆ ಎಂಜಿನ್ ಹತ್ತಿತು, ಹತ್ತುವಾಗ ಪಂಪಿನ ಕಡೆಯಿಂದ ಒಣ ಸಪ್ಪಳ, ಕಟಕಟ, ಮಣ್ಣಿನ ಗಡಿಗೆಯಲ್ಲಿ ಬೆಣಚುಕಲ್ಲು ಅಲ್ಲಾಡಿಸಿದ ಹಾಗೆ. ಅರ್ಧ ನಿಮಿಷ. ಆಮೇಲೆ ಮೆತ್ತಗಾಯಿತು. ನನ್ನ ಕಿವಿ ಅದನ್ನು ಕೇಳಿತು. ಕೈ ಬಾನೆಟ್ ಮುಚ್ಚಿತು. ಕಾಫಿ ಕುಡಿದು ಹ್ಯೂಸ್ಟನ್ ದಾರಿ ಹಿಡಿದೆ.

ಮೇ ತಿಂಗಳ ಮೊದಲಲ್ಲೇ ಆ ಎಂಜಿನಿಯರ್ ಕೆಲಸ ಕಳೆದುಕೊಂಡರು. ವೀಸಾ ನಿಯಮದಂತೆ ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಸಿಗಲಿಲ್ಲ. ಜೂನ್ ಕೊನೆಯ ಶನಿವಾರಕ್ಕೆ ಬೆಂಗಳೂರಿನ ಟಿಕೆಟ್ ಆಯಿತು. ಕಾರು ಒಪ್ಪಿಸುವ ಅಪಾಯಿಂಟ್‌ಮೆಂಟ್ ಅದರ ಹಿಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ. ಮಾಲೀಕ ಖುದ್ದಾಗಿ ಹಾಜರಿರಬೇಕು, ಕಾರು ತನ್ನ ಎಂಜಿನ್ನಿನಿಂದಲೇ ಓಡಿಕೊಂಡು ಶೋರೂಮಿಗೆ ಬರಬೇಕು. ಎಳೆದು ತಂದದ್ದು ನಡೆಯುವುದಿಲ್ಲ. ಮುಂದಿನ ದಿನಾಂಕ ಕೇಳಿದರೆ ಆರು ವಾರದಾಚೆ. ಊರಿಗೆ ಹೋಗಿ ಕೆಲಸ ಹುಡುಕುವ ತಿಂಗಳುಗಳಿಗೆ ಅವರು ನಂಬಿಕೊಂಡದ್ದು ಆ ಕಾರಿನ ಚೆಕ್ಕನ್ನೇ.

ಅಪಾಯಿಂಟ್‌ಮೆಂಟಿಗೆ ಹತ್ತು ದಿನವಿದ್ದಾಗ, ಸೋಮವಾರ, ಫೋನ್ ಬಂತು.

"ಅಂಕಲ್, ಗಾಡಿ ರೌಂಡ್ ರಾಕ್ ಹತ್ರ ಹೈವೇಲಿ ನಿಂತೋಯ್ತು. ಸ್ಟಾರ್ಟೇ ಆಗ್ತಿಲ್ಲ."

"ಯಾವ ಲೈಟ್ ಬಂತ್ರಿ ಸರ?"

"ಯಾವ್ದು ಬಂದಿಲ್ಲ ಅಂತ ಕೇಳಿ. ದೀಪಾವಳಿ ಥರ ಎಲ್ಲಾ ಹತ್ಕೊಂಡ್ವು."

ಮಂಗಳವಾರ ಬೆಳಿಗ್ಗೆ, ಗಾಡಿ ಎಳೆಸಿ ತಂದಿಟ್ಟಿದ್ದ ಜಾರ್ಜ್‌ಟೌನಿನ ಅವರ ಗ್ಯಾರೇಜಿನಲ್ಲಿದ್ದೆ. ಈ ಸಲ ಲ್ಯಾಪ್‌ಟಾಪೂ ಕೇಬಲೂ ಇತ್ತು. ಪಂಪಿನ ಒತ್ತಡ ಸೊನ್ನೆಯ ಹತ್ತಿರ. ಫಿಲ್ಟರಿನ ಮುಚ್ಚಳ ಬಿಚ್ಚಿ, ಒಳಗಿದ್ದ ಡೀಸೆಲನ್ನು ಬಿಳಿ ಬಟ್ಟೆಯ ಮೇಲೆ ಸುರಿದೆ. ಬಟ್ಟೆಯ ತುಂಬ ಬೆಳ್ಳಿ ಜರಿ. ಪಂಪು ತನ್ನನ್ನು ತಾನೇ ತಿಂದು, ಆ ಲೋಹದ ಪುಡಿ ಇಂಜೆಕ್ಟರಿನಿಂದ ಟ್ಯಾಂಕಿನವರೆಗೆ ಸುತ್ತಿ ಬಂದಿತ್ತು.

ಒಣಗಿ ತಿರುಗಿದ ಪಂಪು ಅವತ್ತೇ ಸಾಯುವುದಿಲ್ಲ. ಗೀರು ಬೀಳುತ್ತದೆ. ವಾರಗಳು ಕಳೆದ ಮೇಲೆ ಪುಡಿ ಉದುರತೊಡಗುತ್ತದೆ. ಬಟ್ಟೆ ನೋಡುತ್ತಿದ್ದ ಹಾಗೆ ಏಪ್ರಿಲಿನ ಆ ಸಪ್ಪಳ ಕಿವಿಯಲ್ಲಿ ಮತ್ತೆ ಬಂತು.

ಎಂಜಿನಿಯರ್ ಬಟ್ಟೆಯ ಮೇಲೆ ಬಾಗಿದರು. "ಥೂ, ಏನಿದು? ಪಂಪೂ ಡಬ್ಬಾನಾ ಇವ್ರದ್ದು? ಹೊಗೇಲಿ ಮೋಸ, ಪಂಪಲ್ಲಿ ಮೋಸ. ಇಷ್ಟೆಲ್ಲಾ ಆದ್ಮೇಲೂ ಬುದ್ಧಿ ಬಂದಿಲ್ವಲ್ಲ ಇವ್ರಿಗೆ!"

ಬಟ್ಟೆ ಮಡಚಿದೆ. ಕೆಟ್ಟ ಹೆಸರು ಒಬ್ಬನಿಗೆ ಬಂದ ಮೇಲೆ ಊರಿನ ಎಲ್ಲ ತಪ್ಪುಗಳಿಗೂ ಒಂದು ವಿಳಾಸ ಸಿಕ್ಕ ಹಾಗೆ. ನನ್ನದನ್ನೂ ಆ ವಿಳಾಸಕ್ಕೆ ಕಳಿಸಿ ಸುಮ್ಮನಾದೆ. ಅದು ಐದು ದಿನ ಅಲ್ಲೇ ಇತ್ತು.

"ಗುರುವಾರದೊಳಗ ಓಡಸ್ತೀನ್ರಿ" ಎಂದಷ್ಟೇ ಹೇಳಿದೆ. ಒಂಬತ್ತು ದಿನವಿತ್ತು.

ಹೈ ಪ್ರೆಶರ್ ಪಂಪು, ಒತ್ತಡದ ಕೊಳವೆಗಳು, ನಾಲ್ಕು ಇಂಜೆಕ್ಟರು, ಟ್ಯಾಂಕಿನ ಪಂಪು, ಎಲ್ಲವೂ ಬೇಕು. ಎಲ್ಲ ಹೊಸದು ತರಿಸಿದರೆ, ಪಂಪು ಬರುವುದಕ್ಕೇ ಎರಡು ವಾರ. ಫ್ರಿಸ್ಕೋದವರಿಗೆ ಫೋನ್ ಮಾಡಿದೆ. ಅವರು ಕೂತಲ್ಲೇ ಹುಡುಕಿ, ಡಲ್ಲಾಸಿನ ದಕ್ಷಿಣಕ್ಕಿರುವ ಒಂದು ಗುಜರಿ ಅಂಗಳದಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಅದೇ ಮಾದರಿಯ ಕಾರು ಇದೆಯೆಂದು ತಿಳಿಸಿದರು. ಬುಧವಾರ ನಾನು ಅಲ್ಲಿಗೆ ಹೋದಾಗ ತಾವೂ ರಜೆ ಹಾಕಿ ಬಂದು, ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದರು.

"ಅಂಕಲ್, ಸತ್ತೋರ ಕಿಡ್ನಿ ತೆಗೆಯೋ ಥರ ಇದ್ಯಲ್ರೀ ಇದು."

"ಕಿಡ್ನಿ ಕೊಡೋನು ಸಾಯೂ ಮುಂಚೆ ಗಟ್ಟಿ ಇದ್ನಾ ಅಂತ ನೋಡ್ಬೇಕಲ್ರಿ" ಎಂದು ಆ ಕಾರಿನ ಫಿಲ್ಟರ್ ಬಿಚ್ಚಿದೆ. ಬಟ್ಟೆಯ ಮೇಲೆ ಸುರಿದೆ. ಶುದ್ಧ ಡೀಸೆಲ್, ಒಂದು ಕಣವಿಲ್ಲ.

"ನೋಡಿ, ಇದೂ ಅದೇ ಕಂಪನೀದೇ. ಇದರ ಪಂಪ್ ಚೆನ್ನಾಗೇ ಇದೆ. ಅವ್ರ ನಸೀಬೇ ಸರಿ ಇಲ್ಲ ಬಿಡಿ" ಎಂದರು ಅವರು. ನಸೀಬು ಎಂಬ ಮಾತಿಗೂ ನಾನು ಎದುರಾಡಲಿಲ್ಲ. ಬಿಸಿಲಿಗೆ ನಟ್ಟು ಬಿಚ್ಚುವ ಪಾನಾ ಹಿಡಿದರೆ ಕೈ ಸುಡುತ್ತಿತ್ತು. ಸಂಜೆಯ ಹೊತ್ತಿಗೆ ಎಲ್ಲ ಬಿಡಿಭಾಗ ಬಿಚ್ಚಿ, ಬಾಯಿಗಳಿಗೆಲ್ಲ ಪ್ಲಾಸ್ಟಿಕ್ ಕಟ್ಟಿ, ಮತ್ತೆ ಜಾರ್ಜ್‌ಟೌನ್ ಸೇರಿದೆ.

ಆಮೇಲಿನ ದಿನಗಳಲ್ಲಿ, ಅಂಗಡಿಗೆ ರಜೆ ಹಾಕಿ ಅವರಲ್ಲೇ ಉಳಿದು, ನಾನು ಗ್ಯಾರೇಜಿನಲ್ಲಿ ಕಾರು ಬಿಚ್ಚುತ್ತಿದ್ದೆ, ಒಳಗೆ ಅವರ ಮನೆ ಬಿಚ್ಚಿಕೊಳ್ಳುತ್ತಿತ್ತು. ಸಾಮಾನೆಲ್ಲ ಮಾರಾಟಕ್ಕಿಟ್ಟಿದ್ದರು. ದಿನಾ ಯಾರೋ ಬರುವರು, ಸೋಫಾ ಒಯ್ಯುವರು, ಮಂಚ ಒಯ್ಯುವರು. ಎಲ್ಲರೂ ಗ್ಯಾರೇಜಿನ ಮೂಲಕವೇ ಹೋಗಬೇಕು. ಹೋಗುವವರೆಲ್ಲ ಒಂದು ಕ್ಷಣ ನಿಂತು ಆ ಕಂಪನಿಗೆ ಒಂದು ಮಾತು ಹಾಕುವರು. ಇಡ್ಲಿ ಹಿಟ್ಟಿನ ಗ್ರೈಂಡರ್ ಕೊಳ್ಳಲು ಬಂದ ಆಂಟಿಯೊಬ್ಬರು, "ಇದೇನು ಜರ್ಮನೀದಲ್ಲ ತಾನೇ? ಕೊಯಮತ್ತೂರಿಂದು? ಹಾಗಾದ್ರೆ ನಂಬಬಹುದು" ಎಂದು ನಕ್ಕು, "ನಿಮ್ಮಂಥೋರು ಇರೋದ್ರಿಂದ ಬದುಕಿದೀವಿ ಅಂಕಲ್" ಎಂದು ನನಗೆ ಎರಡು ಬಾಳೆಹಣ್ಣು ಕೊಟ್ಟರು. ಎಂಜಿನಿಯರ್ ನಮ್ಮ ಕನ್ನಡ ಗುಂಪಿನ ವಾಟ್ಸಾಪಿನಲ್ಲಿ ನನ್ನ ಫೋಟೋ ಹಾಕಿ, 'ಕಂಪನಿ ಮೋಸ ಮಾಡಿತು, ಡೀಸೆಲ್ ಅಂಕಲ್ ದೇವರ ಹಾಗೆ ಬಂದರು' ಎಂದು ಬರೆದಿದ್ದರು. ಕೆಳಗೆ ಕೈಮುಗಿದ ಗುರುತುಗಳ ಸಾಲು.

ಪಂಪು ಟೈಮಿಂಗ್ ಬೆಲ್ಟಿನಿಂದ ತಿರುಗುತ್ತದೆ. ಬೆಲ್ಟು ತೆಗೆಯುವ ಮುಂಚೆ ಎಂಜಿನ್ನಿನ ಒಂದೊಂದು ಚಕ್ರಕ್ಕೂ ಪಿನ್ನು ಹಾಕಿ ಬಿಗಿಯಬೇಕು. ಒಂದು ಹಲ್ಲು ಜಾರಿದರೂ ಒಳಗೆ ಕವಾಟಗಳು ಬಗ್ಗುತ್ತವೆ. ಗುರುವಾರ, ಶುಕ್ರವಾರ ಅದರಲ್ಲೇ ಕಳೆಯಿತು. ಶನಿವಾರ ಟ್ಯಾಂಕು ಇಳಿಸಿ, ಹೊಸ ಡೀಸೆಲ್ ಹಾಕಿ ತೊಳೆದು, ಬಿಳಿ ಬಟ್ಟೆಯಲ್ಲಿ ಸೋಸಿದೆ. ಜರಿ ಬಂತು. ಮತ್ತೆ ತೊಳೆದೆ. ಮೂರನೆಯ ಸಲಕ್ಕೆ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಮೊದಲ ಸಲದ ಪುಡಿಯನ್ನು ಚೆಲ್ಲಲು ಮನಸ್ಸಾಗದೆ, ಖಾಲಿಯಾದ ಉಪ್ಪಿನಕಾಯಿ ಬಾಟಲಿಯೊಂದಕ್ಕೆ ಹಾಕಿಟ್ಟೆ.

ಅಂದು ಸಂಜೆ ಹೆಂಡತಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ಅವರಿಗೆ ಹೇಳೀರೇನು?" ಎಂದಳು ಕೊನೆಗೆ.

"ಇಲ್ಲ. ಗಾಡಿ ಚಾಲೂ ಆದಮ್ಯಾಲೆ ಹೇಳ್ತೀನಿ."

"ಚಾಲೂ ಆದಮ್ಯಾಲೆ ನೀವು ಹೇಳೂದಿಲ್ಲ. ನಿಮ್ಮನ್ನ ನಾ ಬಲ್ಲೆ. ನಮ್ಮ ವಾರ್ಡಿನ್ಯಾಗ ತಪ್ಪು ಔಷಧ ಕೊಟ್ವಿ ಅಂದ್ರ ಮೊದಲು ಹೇಳಬೇಕು, ಚಾರ್ಟಿನ್ಯಾಗ ಬರೀಬೇಕು, ಆಮ್ಯಾಲೆ ಮೂಲ್ಯಾಗ ನಿಂತು ಅಳಬೇಕು. ನೀವು ತಿರುಗಾಮುರುಗಾ ಮಾಡಾಕ ಹತ್ತೀರಿ."

ಭಾನುವಾರ ಬೆಳಿಗ್ಗೆ ಎಂಜಿನಿಯರ್ ಒಂದು ಕಾಗದ ಪ್ರಿಂಟ್ ಮಾಡಿ ತಂದರು. ಗುರುವಾರ ಗಾಡಿ ಹತ್ತದಿದ್ದರೆ ಶೋರೂಮಿನವರ ಮುಂದೆ ಇಡಲು. ಹಲವು ವರ್ಷಗಳ ಅನುಭವವಿರುವ ಡೀಸೆಲ್ ಮೆಕ್ಯಾನಿಕ್ ಆಗಿ ಪರೀಕ್ಷಿಸಿದ್ದೇನೆ, ಪಂಪು ತಯಾರಿಕೆಯ ದೋಷದಿಂದಲೇ ಹಾಳಾಗಿದೆ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ನನ್ನ ಹೆಸರು, ಗೆರೆ.

"ಒಂದು ಸೈನ್ ಹಾಕಿ ಅಂಕಲ್. ಬೇಕಾಗಲ್ಲ, ಆದ್ರೂ ಇರ್ಲಿ."

ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡೆ. ಸುಳ್ಳು ಹೇಳಿ ಸಿಕ್ಕಿಬಿದ್ದವರ ಮೇಲೆ ಇನ್ನೊಂದು ಸುಳ್ಳು. ಯಾರು ಕೇಳುತ್ತಾರೆ? ಗೆರೆಯ ಮೇಲೆ ಪೆನ್ನು ಇಟ್ಟವನಿಗೆ ಕಂಡದ್ದು ಎರಡು ಗೆರೆಯ ಸೀಸದ ಮೊಹರು. ಇಪ್ಪತ್ತು ವರ್ಷದಿಂದ ನಾನು ಅದನ್ನು ಒತ್ತಿರಲಿಲ್ಲ. ಪೆನ್ನು ಬಾನೆಟ್ ಮೇಲಿಟ್ಟೆ.

"ಸರ, ಇದು ಕಂಪನಿ ತಪ್ಪಲ್ರಿ. ನನ್ನ ತಪ್ಪು. ಏಪ್ರಿಲ್‌ನ್ಯಾಗ ಫಿಲ್ಟರ್ ಹಾಕಿದಾಗ ಕೇಬಲ್ ಮರತು ಬಂದಿದ್ದೆ. ಪಂಪಿಗೆ ಡೀಸೆಲ್ ಏರಸದನ ಸೆಲ್ಫ್ ಹೊಡದೆ. ಒಣಗಿ ತಿರುಗ್ತು. ಅವತ್ತ ಗೀರು ಬಿದ್ದದ್ದು."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅವತ್ತೇ ಗೊತ್ತಿತ್ತಾ ನಿಮ್ಗೆ?"

"ಸಪ್ಪಳ ಕೇಳಿಸಿತ್ರಿ."

"ಕೇಳ್ಸಿದ್ರೆ ಯಾಕೆ ಹೇಳ್ಲಿಲ್ಲ? ಅವತ್ತೇ ಹೇಳಿದ್ರೆ ಬರೀ ಪಂಪ್ ಒಂದೇ ಹೋಗ್ತಿತ್ತಲ್ವಾ?"

"ಹೌದ್ರಿ."

"ನಾನು ಗ್ರೂಪಲ್ಲಿ ನಿಮ್ಮನ್ನ ದೇವ್ರು ಅಂತ ಬರ್ದಿದೀನಿ ಅಂಕಲ್!" ಅವರ ದನಿ ಒಡೆಯಿತು. "ಕೆಲ್ಸ ಹೋಯ್ತು, ಮನೆ ಖಾಲಿ ಮಾಡ್ತಿದೀನಿ, ಇದೊಂದಾದ್ರೂ ನೆಟ್ಟಗೆ ಆಗತ್ತೆ ಅನ್ಕೊಂಡಿದ್ದೆ."

ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಏಪ್ರಿಲಿನಲ್ಲಿ ಕಾಫಿ ಹಿಡಿದು ನಿಂತಿದ್ದ ಅದೇ ಜಾಗ. ಅವಳು ಸಿಟ್ಟು ಮಾಡಲಿಲ್ಲ, ಮೆಲ್ಲಗೆ ಹೇಳಿದಳು: "ನೀವೂ ಅವ್ರ ಥರಾನೇ ಮಾಡಿದ್ರಲ್ಲ ಅಂಕಲ್. ಯಾರಾದ್ರೂ ನೋಡ್ತಿದ್ರೆ ಒಂದು, ನೋಡ್ದೆ ಇದ್ರೆ ಒಂದು."

ಉಸ್ತಾದರು ಕಪಾಳಕ್ಕೆ ಹೊಡೆದದ್ದು ನೆನಪಿದೆ. ಅದು ಇಷ್ಟು ಉರಿದಿರಲಿಲ್ಲ.

ಎಂಜಿನಿಯರ್ ಆ ಕಾಗದವನ್ನು ಎರಡಾಗಿ ಹರಿದು ಕಸದ ಡಬ್ಬಿಗೆ ಹಾಕಿದರು. "ಮುಗ್ಸಿ ಕೊಡ್ತೀರಾ?"

"ಕೊಡ್ತೀನ್ರಿ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ನನ್ನೊಂದಿಗೆ ಮಾತು ಕಡಿಮೆಯಾಯಿತು. ಊಟದ ತಟ್ಟೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ವಾಷಿಂಗ್ ಮಷೀನಿನ ಮೇಲೆ ಇಟ್ಟು ಹೋಗುತ್ತಿದ್ದರು.

ಸೋಮವಾರ ಎಲ್ಲ ಕೂಡಿಸಿ ಮುಗಿಸಿದೆ. ಪ್ರತಿ ಇಂಜೆಕ್ಟರಿನ ಮೇಲೂ ಏಳು ಅಕ್ಷರದ ಒಂದು ಸಂಕೇತ ಕೆತ್ತಿರುತ್ತದೆ, ಅದನ್ನು ಕಾರಿನ ಕಂಪ್ಯೂಟರಿಗೆ ಹೇಳಬೇಕು. ಒಂದೊಂದನ್ನೂ ಭೂತಗನ್ನಡಿಯಲ್ಲಿ ಓದಿ ಹಾಕಿದೆ. ಟ್ಯಾಂಕಿನ ಪಂಪನ್ನು ಒಂದು ಸಲ, ಎರಡು ಸಲ, ಐದು ಸಲ ಓಡಿಸಿದೆ. ಕೊಳವೆಯೊಳಗೆ ಡೀಸೆಲ್ ಏರುವ ದನಿ ಕೇಳುವವರೆಗೂ ಚಾವಿ ಮುಟ್ಟಲಿಲ್ಲ. ಮುಟ್ಟಿದೆ. ಎಂಜಿನ್ ತಿರುಗಿತು, ಹತ್ತಲಿಲ್ಲ.

ಆಮೇಲಿನ ಒಂದು ಗಂಟೆ ನಾನು ಬಹಳ ಸಣ್ಣವನಾಗಿ ಕೂತಿದ್ದೆ. ಬೆಲ್ಟು ಸರಿಯಿತ್ತು. ಪಂಪು ಒತ್ತಡ ಕೊಡುತ್ತಿತ್ತು, ಎಲ್ಲೋ ಸೋರಿ ಹೋಗುತ್ತಿತ್ತು. ಯಾವ ಇಂಜೆಕ್ಟರಿನಲ್ಲಿ ಎಂದು ತಿಳಿಯಬೇಕು. ಅಡುಗೆಮನೆಯಲ್ಲಿ ಉಳಿದಿದ್ದ ನಾಲ್ಕು ಖಾಲಿ ನೀರಿನ ಬಾಟಲಿ ಕೇಳಿ ತಂದು, ನಾಲ್ಕು ಇಂಜೆಕ್ಟರುಗಳ ವಾಪಸು ಕೊಳವೆಗೂ ಒಂದೊಂದು ಕಟ್ಟಿ, ಸೆಲ್ಫ್ ಹೊಡೆದೆ. ಮೂರು ಬಾಟಲಿಯಲ್ಲಿ ತಳ ಮಾತ್ರ ಒದ್ದೆ. ನಾಲ್ಕನೆಯದು ಅರ್ಧ ತುಂಬಿತು. ಹುಬ್ಬಳ್ಳಿಯ ಬೆಂಚಿನ ಗಾಜಿನ ಕೊಳವೆಗಳದ್ದೇ ಪಾಠ. ಗುಜರಿಯಿಂದ ತಂದ ನಾಲ್ಕನೆಯ ಇಂಜೆಕ್ಟರ್ ಅಲ್ಲಿಯೇ ಸತ್ತಿತ್ತು.

ಹ್ಯೂಸ್ಟನ್ನಿನ ಯಜಮಾನನಿಗೆ ಫೋನ್ ಮಾಡಿದೆ. ಇಂಜೆಕ್ಟರ್ ಯಾಕೆ ಬೇಕು, ಏನಾಯಿತು ಎಲ್ಲ ಹೇಳಿದೆ. ಪರಿಚಯದ ಅಂಗಡಿಯಲ್ಲಿ ಹೊಸದೊಂದು ಬಿಡಿಯಾಗಿ ಇದೆ, ಮಂಗಳವಾರ ತರಿಸಿಕೊಡುತ್ತೇನೆ ಎಂದ ಅವನು. ಅದನ್ನು ತಂದವಳು ನನ್ನ ಹೆಂಡತಿ. ರಾತ್ರಿ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಮೂರು ಗಂಟೆ ಗಾಡಿ ಓಡಿಸಿಕೊಂಡು ಬುಧವಾರ ಬೆಳಿಗ್ಗೆ ಬಂದಳು. ಇಂಜೆಕ್ಟರನ್ನು ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿದ್ದಳು. ಮೊದಲು ಒಳಗೆ ಹೋಗಿ ಆ ಹೆಣ್ಣುಮಗಳ ಹತ್ತಿರ ಏನೋ ಮಾತಾಡಿದಳು. ಏನೆಂದು ನಾನು ಇವತ್ತಿಗೂ ಕೇಳಿಲ್ಲ.

ಮಧ್ಯಾಹ್ನ ಎರಡಕ್ಕೆ ಎಂಜಿನ್ ಹತ್ತಿತು. ಎರಡನೆಯ ಸೆಲ್ಫಿಗೆ. ಕಟಕಟ ಇಲ್ಲ. ಬಾನೆಟ್ ಎತ್ತಿ ಅರ್ಧ ಗಂಟೆ ಕಿವಿಗೊಟ್ಟು ನಿಂತೆ. ಅದಕ್ಕಿಂತ ಒಳ್ಳೆಯ ಕೆಲಸ ನಾನು ಮಾಡಿದ್ದಿಲ್ಲ. ಯಾರೂ ಹೊರಗೆ ಬಂದು ನೋಡಲಿಲ್ಲ.

ಗುರುವಾರ ಎಂಜಿನಿಯರ್ ಓಡಿಸಿದರು. ನಾನು ಪಕ್ಕದಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್. ಹೆಂಡತಿ ನನ್ನ ಗಾಡಿಯಲ್ಲಿ ಹಿಂದೆ ಬಂದಳು. ಆಸ್ಟಿನ್ನಿನ ಶೋರೂಮಿನವರೆಗೆ ಅವರು ಕೇಳಿದ್ದು ಒಂದೇ: "ಪ್ರೆಶರ್?" ನಾನು ಹೇಳಿದ್ದೂ ಒಂದೇ: "ಸರಿ ಐತ್ರಿ." ಹೀಗೆ ನಾಲ್ಕೈದು ಸಲ.

ಅಲ್ಲಿ ಒಬ್ಬಾಕೆ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಂದಳು. ಚಾಸಿ ನಂಬರ್ ನೋಡಿದಳು, ಓಡಿದ ಮೈಲಿ ಬರೆದುಕೊಂಡಳು, ಎಂಜಿನ್ ಒಮ್ಮೆ ಆರಿಸಿ ಹಚ್ಚಿಸಿದಳು. ಹತ್ತು ಸಹಿ. ಎರಡೂ ಚಾವಿ ತೆಗೆದುಕೊಂಡಳು. ಬಾನೆಟ್ ಎತ್ತಲಿಲ್ಲ. ಯಾರೋ ಬಂದು ಕಾರನ್ನು ಹಿಂದಿನ ಅಂಗಳಕ್ಕೆ ಒಯ್ದರು. ಅಲ್ಲಿ ಅದೇ ಕಂಪನಿಯ ಡೀಸೆಲ್ ಕಾರುಗಳು ಸಾಲಾಗಿ ನಿಂತಿದ್ದವು, ಮುಂದಿನ ಗಾಜಿನ ಮೇಲೆ ಬಿಳಿ ಅಂಕಿ, ಮೈಮೇಲೆಲ್ಲ ಧೂಳು. ನಾನು ಒಂಬತ್ತು ದಿನ ಕೂತು ಕಟ್ಟಿದ ಎಂಜಿನ್ ಆ ಸಾಲಿನ ಕೊನೆಗೆ ಹೋಗಿ ನಿಂತು ಆರಿತು.

ಎಂಜಿನಿಯರ್ ಬಾಡಿಗೆ ಕಾರಿಗೆ ಕಾಯುತ್ತ ನಿಂತಿದ್ದರು. "ಅಂಕಲ್, ಗ್ರೂಪಲ್ಲಿ ನಾನು ಬರೀಬೇಕಾಗತ್ತೆ. ಬೇರೆಯವ್ರ ಗಾಡೀಗೂ ನೀವೇ ಫಿಲ್ಟರ್ ಹಾಕಿದೀರಿ."

"ನೀವು ಬರೀಬ್ಯಾಡ್ರಿ ಸರ. ನಾನ ಬರೀತೀನಿ."

ಅವರು ತಲೆಯಾಡಿಸಿದರು. ಕೈ ಕೊಡಲಿಲ್ಲ. ಕಾರು ಬಂತು, ಹತ್ತಿ ಹೋದರು.

ಅಲ್ಲಿಯೇ ನನ್ನ ಗಾಡಿಯಲ್ಲಿ ಕೂತು ಬರೆದೆ. ಆರು ಮನೆಗಳಿಗೆ ಫಿಲ್ಟರ್ ಹಾಕಿದ್ದೆ. ನಾಲ್ಕಕ್ಕೆ ಲ್ಯಾಪ್‌ಟಾಪ್ ಬಳಸಿದ್ದೆ, ಎರಡಕ್ಕೆ ಇಲ್ಲ. ಒಂದು ಜಾರ್ಜ್‌ಟೌನಿನದು, ಇನ್ನೊಂದು ಫ್ರಿಸ್ಕೋದ್ದು. ಜಾರ್ಜ್‌ಟೌನಿನ ಪಂಪು ಕಂಪನಿಯಿಂದ ಕೆಟ್ಟದ್ದಲ್ಲ, ನನ್ನಿಂದ. ಇಷ್ಟೇ ಬರೆದೆ. ಯಾವಾಗಲೂ ಗಲಗಲ ಅನ್ನುವ ಆ ಗುಂಪು ಅವತ್ತು ಸಂಜೆಯವರೆಗೂ ಸುಮ್ಮನಿತ್ತು.

ಶನಿವಾರ, ಎಂಜಿನಿಯರ್ ಮನೆಯವರ ವಿಮಾನ ಹಾರುವ ದಿನ, ನಾನು ಫ್ರಿಸ್ಕೋದಲ್ಲಿದ್ದೆ. ಅಲ್ಲಿಯವರ ಮನೆಯ ಮುಂದೆ ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಸುರಿದೆ. ಎರಡು ಸಲ ಸುರಿದೆ. ಶುದ್ಧವಾಗಿತ್ತು. ಲ್ಯಾಪ್‌ಟಾಪ್ ಜೋಡಿಸಿ, ಡೀಸೆಲ್ ಏರಿಸಿ, ಹಚ್ಚಿ ತೋರಿಸಿದೆ.

"ಥ್ಯಾಂಕ್ಸ್. ಇನ್ಮೇಲೆ ಶೋರೂಮಲ್ಲೇ ಮಾಡಿಸ್ಕೋತೀವಿ" ಎಂದರು ಅವರು. ದೇವರ ಮಾತು ಎತ್ತಲಿಲ್ಲ, ಗುಡಿಯ ಮಾತು ಎತ್ತಲಿಲ್ಲ. ಅಂಕಲ್ ಎಂದೂ ಅನ್ನಲಿಲ್ಲ. ಅವರು ನನ್ನನ್ನು ಕೆಣಕುವುದನ್ನು ಬಿಟ್ಟ ಮೇಲೆ ನನಗೆ ಗೊತ್ತಾಯಿತು, ಆ ಕೆಣಕುವಿಕೆಯಲ್ಲಿ ಎಷ್ಟು ನಂಬಿಕೆ ಇತ್ತೆಂದು.

ಆ ಕಂಪನಿ ಈಗ ಬ್ಯಾಟರಿ ಕಾರು ಮಾಡಲು ಹೊರಟಿದೆ. ಹೆಸರು ನಿಧಾನವಾಗಿ ಮತ್ತೆ ಮೇಲೆ ಬರುತ್ತಿದೆ. ಅವರಿಗೆ ಎಂಬತ್ತು ವರ್ಷದ ಇತಿಹಾಸವಿದೆ, ಒಮ್ಮೆ ಬಿದ್ದು ಎದ್ದ ಅಭ್ಯಾಸವಿದೆ. ನನಗೆ ಅಷ್ಟು ವರ್ಷವಿಲ್ಲ. ಇದು ೨೦೧೯. ನಲವತ್ತೇಳು ನಡೆಯುತ್ತಿದೆ. ಅದೇ ಅಂಗಡಿ, ಅದೇ ಯಜಮಾನ.

ಈಗ ನನ್ನ ಹತ್ತಿರ ಇರುವುದು: ಟೂಲ್ ಬಾಕ್ಸು ಎರಡು. ಲ್ಯಾಪ್‌ಟಾಪ್ ಒಂದು. ಕೇಬಲ್ ಎರಡು, ಒಂದು ಅಂಗಡಿಗೆ, ಒಂದು ಸದಾ ಗಾಡಿಯಲ್ಲಿ. ಉಸ್ತಾದರು ಕೊಟ್ಟ ಎರಡು ಗೆರೆಯ ಅಚ್ಚು ಒಂದು. ಉಪ್ಪಿನಕಾಯಿ ಬಾಟಲಿಯಲ್ಲಿ ಒಂದು ಚಮಚದಷ್ಟು ಲೋಹದ ಪುಡಿ. ಹನ್ನೊಂದು ಮನೆಗಳಲ್ಲಿ ಇನ್ನೂ ಫೋನ್ ಮಾಡುವವರು ಮೂರು.